ಕಾರಿನ ‘ಕಟ್ ಕಟ್’: ಯಾವ ಸಾಮಾನು ಹೋಗಿದೆ, ಯಾವುದನ್ನು ಬದಲಿಸಬೇಕು?

2019ರ ಆಗಸ್ಟ್ ತಿಂಗಳು. ಬಿಡದೆ ಮಳೆ. ಕೈಯಲ್ಲಿ ದುಡ್ಡಿರಲಿಲ್ಲವಾದ್ದರಿಂದ ಎರಡು ಗೋಣಿ ಚಾಲಿ ಅಡಿಕೆಯನ್ನು ಹಿಂದಿನ ಸೀಟಿನಲ್ಲಿ ತುಂಬಿ ಪೇಟೆಗೆ ಹೊರಟಿದ್ದೆ. ಪಕ್ಕದಲ್ಲಿ ಅಪ್ಪ. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ. ಎಡಬದಿಗೆ ಬರೆ, ಬಲಬದಿಗೆ ತೋಡು. ಬಲಕ್ಕೆ ತಿರುಗುವ ಇಳಿಜಾರಿನಲ್ಲಿ ‘ಕಡಕ್’ ಎಂದು ಒಂದು ಸದ್ದು. ಸ್ಟೀರಿಂಗು ಕೈಗೆ ಸಿಗಲಿಲ್ಲ. ಕಾರು ಎಡಕ್ಕೆ ಎಳೆದು ಚರಂಡಿಗೆ ಇಳಿದು ಬರೆಗೆ ತಾಗಿ ನಿಂತಿತು.

ಇಳಿದು ನೋಡಿದರೆ ಎಡಬದಿಯ ಮುಂದಿನ ಗಾಲಿ ಬುಡದಲ್ಲಿ ಹೊರಕ್ಕೆ ಸರಿದು ಮಡ್ಗಾರ್ಡಿನ ಒಳಗೆ ಓರೆಯಾಗಿ ಮಲಗಿತ್ತು. ಆಕ್ಸಲ್ ಗೇರ್‌ಬಾಕ್ಸಿನಿಂದ ಹೊರಬಂದು ಎಣ್ಣೆ ಸುರಿಯುತ್ತಿತ್ತು. ಎಳೆದದ್ದು ಬಲಕ್ಕೆ ಆಗಿದ್ದರೆ ನಾವಿಬ್ಬರೂ ತೋಡಿನಲ್ಲಿ ಇರುತ್ತಿದ್ದೆವು. ಅಪ್ಪ ಕೊಡೆ ಬಿಡಿಸಿ ನಿಂತು ಒಂದೇ ಮಾತು ಹೇಳಿದರು: “ಎಂತ ಮಾರಾಯ, ಗಾಡಿ ಎರಡು ತಿಂಗಳಿನಿಂದ ಹೇಳ್ತಾನೇ ಇತ್ತಲ್ಲ. ನೀನು ಕೇಳ್ಲಿಲ್ಲ.”

ಹೌದು, ಹೇಳುತ್ತಾ ಇತ್ತು. ಹೊಂಡಕ್ಕೆ ಬಿದ್ದಾಗಲೆಲ್ಲ ಎಡಗಡೆಯಿಂದ ‘ಕಟ್ ಕಟ್’. ಒಂದು ಗ್ಯಾರೇಜಿನಲ್ಲಿ ತೋರಿಸಿದ್ದೆ. ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ಎರಡನ್ನೂ ಬದಲಿಸಿದರು. ದುಡ್ಡು ಹೋಯಿತು, ಸದ್ದು ಉಳಿಯಿತು. ‘ಮಳೆಗಾಲ ಕಳೆಯಲಿ, ಆಮೇಲೆ ನೋಡುವಾ’ ಅಂತ ನಾನೇ ಸುಮ್ಮನಿದ್ದೆ. ತಪ್ಪು ನನ್ನದು.

ಆ ಮೇಲೆ ಪಕ್ಕದ ಊರಿನ ಒಬ್ಬರು ಹಳೆ ಮೆಕ್ಯಾನಿಕ್ಕಿನ ಜೊತೆ ಕುಳಿತು ಈ ಸಾಮಾನುಗಳನ್ನೆಲ್ಲ ಕೈಯಾರೆ ಬಿಚ್ಚಿ, ಜೋಡಿಸಿ ಕಲಿತೆ. ಪಂಪುಸೆಟ್ಟು ಬಿಚ್ಚುವ ಕೃಷಿಕನಿಗೆ ಇದು ಅರ್ಥವಾಗದ ವಿದ್ಯೆ ಅಲ್ಲ. ಎಲ್ಲವನ್ನೂ ನಾವೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಯಾವುದು ಹೋಗಿದೆ ಎಂದು ಕಂಡುಹಿಡಿಯುವುದನ್ನು ನಾವೇ ಮಾಡಬಹುದು. ಅದಕ್ಕೆ ಬೇಕಾದ್ದು ಒಂದು ಜಾಕಿ, ಇಬ್ಬರು ಜನ, ಅರ್ಧ ಗಂಟೆ.

ನನ್ನದು ಮಾರುತಿ 800. 1983ರಲ್ಲಿ ಬಂದ ಈ ಕಾರಿನ ತಯಾರಿ 2014ರಲ್ಲಿ ನಿಂತಿತು. ಆದರೂ ನಮ್ಮಂಥವರ ಅಂಗಳಗಳಲ್ಲಿ ಇನ್ನೂ ಓಡುತ್ತಾ ಇದೆ. ಬೇರೆ ಸಣ್ಣ ಕಾರುಗಳಲ್ಲೂ ಮುಂದಿನ ಗಾಲಿಯ ಏರ್ಪಾಡು ಹೆಚ್ಚುಕಮ್ಮಿ ಇದೇ.

ಗಾಲಿಯ ಒಳಗೆ ಏನಿದೆ?

ಸ್ಟೀರಿಂಗು ತಿರುಗಿಸಿದಾಗ ಅದರ ಕಂಬದ ತುದಿಯ ಸಣ್ಣ ಹಲ್ಲಿನ ಚಕ್ರ ತಿರುಗುತ್ತದೆ. ಇದು ಪಿನಿಯನ್. ಅದು ಅಡ್ಡವಾಗಿರುವ ಹಲ್ಲಿನ ಸರಳನ್ನು ಎಡಕ್ಕೋ ಬಲಕ್ಕೋ ದೂಡುತ್ತದೆ. ಇದು ರ್‍ಯಾಕ್. ರ್‍ಯಾಕಿನ ಎರಡು ತುದಿಗೂ ಒಂದೊಂದು ಟೈ ರಾಡ್. ಟೈ ರಾಡಿನ ಕೊನೆಯಲ್ಲಿ ಗುಂಡು ಮಂಡೆಯ ಒಂದು ಕೀಲು. ಅದೇ ಟೈ ರಾಡ್ ಎಂಡ್. ಇದು ಗಾಲಿಯ ಹಿಂದಿರುವ ಎರಕದ ದಪ್ಪ ತುಂಡನ್ನು ಹಿಡಿದು ತಿರುಗಿಸುತ್ತದೆ. ಆ ತುಂಡಿಗೆ ಮೆಕ್ಯಾನಿಕ್ಕುಗಳು ‘ನಕಲ್’ ಎನ್ನುತ್ತಾರೆ.

ನಕಲಿನ ತಲೆಯನ್ನು ಮೇಲಿನಿಂದ ಶಾಕ್ ಅಬ್ಸಾರ್ಬರಿನ ಕಂಬ ಹಿಡಿದಿದೆ. ಬುಡವನ್ನು ಕೆಳಗಿನಿಂದ ಲೋವರ್ ಆರ್ಮ್ ಎಂಬ ಕೈ ಹಿಡಿದಿದೆ. ಈ ಕೈಗೂ ನಕಲಿಗೂ ನಡುವಿನ ಕೀಲೇ ಬಾಲ್ ಜಾಯಿಂಟ್. ನಮ್ಮ ಸೊಂಟದ ಕೀಲಿನ ಹಾಗೆಯೇ: ಬಟ್ಟಲಿನೊಳಗೆ ಒಂದು ಗುಂಡು, ಸುತ್ತ ಗ್ರೀಸು, ಹೊರಗಿನಿಂದ ರಬ್ಬರಿನ ಬೂಟು. ನನ್ನ ಕಾರಿನಲ್ಲಿ ಬಟ್ಟಲಿನಿಂದ ಕಳಚಿಬಂದದ್ದು ಈ ಗುಂಡು.

ನಕಲಿನ ನಡುವಿನ ತೂತಿನಲ್ಲಿ ಬೇರಿಂಗುಗಳ ಜೋಡಿ ಕೂತಿದೆ. ಅದರೊಳಗೆ ಹಬ್. ಗಾಲಿಯ ನಾಲ್ಕು ನಟ್ಟು ಬಿಗಿಯುವುದು ಈ ಹಬ್ಬಿಗೆ. ಹಬ್ಬಿನ ನಡುವಿನಿಂದ ಆಕ್ಸಲ್ ಹಾದುಬಂದು ತುದಿಯಲ್ಲಿ ಒಂದು ದೊಡ್ಡ ನಟ್ಟು ಇರುತ್ತದೆ. ಇಂಜಿನಿನ ಶಕ್ತಿ ಮುಂದಿನ ಗಾಲಿಗೇ ಬರುವುದರಿಂದ ಎಳೆಯುವುದು, ತಿರುಗುವುದು, ಭಾರ ಹೊರುವುದು, ಬ್ರೇಕು ಹಿಡಿಯುವುದು ನಾಲ್ಕೂ ಕೆಲಸ ಇಲ್ಲೇ.

ಕೃಷಿಕರ ಕಾರಿನಲ್ಲಿ ಈ ಕೀಲುಗಳು ಬೇಗ ಹೋಗಲು ಕಾರಣ ಕೆಸರು ನೀರು. ರಬ್ಬರ್ ಬೂಟು ಹರಿದ ದಿನವೇ ಕೀಲಿನ ಆಯುಷ್ಯ ಮುಗಿಯಿತು ಎಂದು ತಿಳಿಯಿರಿ. ಗ್ರೀಸು ತೊಳೆದುಹೋಗಿ ಅಲ್ಲಿಗೆ ಮರಳು ಸೇರುತ್ತದೆ. ಮರಳು ಸೇರಿದ ಗ್ರೀಸು ಸಾಣೆ ಹಿಡಿದ ಹಾಗೆ ಗುಂಡನ್ನು ತಿನ್ನುತ್ತದೆ. ಇದರ ಮೇಲೆ ನಮ್ಮ ಹೇರು. ಒಂದು ಗೋಣಿ ಚಾಲಿ ಎಂದರೆ 60–70 ಕಿಲೋ. ಎರಡು ಗೋಣಿ ಹಾಕಿದರೆ ಇಬ್ಬರು ದೊಡ್ಡವರನ್ನು ಕೂರಿಸಿದ ಲೆಕ್ಕ.

ಸದ್ದು ಏನು ಹೇಳುತ್ತದೆ?

ಹೊಂಡಕ್ಕೆ ಇಳಿದಾಗ, ನಿಧಾನ ಹೋಗುವಾಗ ‘ಕಟ್ ಕಟ್’ ಆದರೆ ಬಾಲ್ ಜಾಯಿಂಟ್, ಲೋವರ್ ಆರ್ಮಿನ ಬುಷ್ ಅಥವಾ ಟೈ ರಾಡ್ ಎಂಡ್ ಮೇಲೆ ಅನುಮಾನ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ‘ಟಿಕ್ ಟಿಕ್ ಟಿಕ್’ ಎಂದು ಒಂದೇ ತಾಳದಲ್ಲಿ ಬಂದರೆ ಅದು ಆಕ್ಸಲಿನ ಹೊರಗಿನ ಕೀಲು. ವೇಗ ಹೆಚ್ಚಿದಂತೆ ಹೆಚ್ಚುವ ‘ಗುಂಯ್’ ಎಂಬ ಸದ್ದು ಹಬ್ ಬೇರಿಂಗಿನದ್ದು. ಯಾವ ಬದಿಯದ್ದು ಎಂದು ತಿಳಿಯಲು ತಿರುವಿನಲ್ಲಿ ಕಿವಿ ಕೊಡಿ. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಬದಿಯ ಗಾಲಿಗೆ ಬೀಳುತ್ತದೆ. ಆಗ ಸದ್ದು ಜೋರಾದರೆ ಎಡಬದಿಯ ಬೇರಿಂಗು. ಎಡಕ್ಕೆ ತಿರುಗುವಾಗ ಜೋರಾದರೆ ಬಲಬದಿಯದ್ದು.

ಟೈರನ್ನೂ ಕೈಯಿಂದ ಸವರಿ ನೋಡಿ. ಒಂದೇ ಅಂಚು ಸವೆದಿದ್ದರೆ, ಅಥವಾ ಒಂದು ದಿಕ್ಕಿಗೆ ಸವರುವಾಗ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ತಾಗಿದರೆ ಅಲೈನ್‌ಮೆಂಟ್ ತಪ್ಪಿದೆ. ಅದಕ್ಕೆ ಸಡಿಲ ಕೀಲೂ ಕಾರಣ ಇರಬಹುದು.

ಜಾಕಿ ಕೊಟ್ಟು ನೋಡುವ ಕ್ರಮ

ಮೊದಲು ಜಾಕಿ ಇಲ್ಲದೆ ಒಂದು ಪರೀಕ್ಷೆ. ಇಂಜಿನ್ ಬಂದ್ ಮಾಡಿ. ಸ್ಟೀರಿಂಗಿನ ಲಾಕು ಬೀಳದಂತೆ ಕೀಲಿಕೈ ಅಲ್ಲೇ ಇರಲಿ. ಗಾಲಿ ನೆಲದ ಮೇಲೆಯೇ ಇರಲಿ. ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಅಲ್ಲಾಡಿಸಲಿ. ನೀವು ಟೈ ರಾಡ್ ಎಂಡಿನ ಮೇಲೆ ಬೆರಳಿಟ್ಟು ನೋಡಿ. ಒಳಗೆ ‘ಟಕ್’ ಎಂದು ಬೆರಳಿಗೆ ತಾಗಿದರೆ ಅದು ಹೋಗಿದೆ. ಸ್ಟೀರಿಂಗು ಒಂದು ಇಂಚಿಗಿಂತ ಹೆಚ್ಚು ತಿರುಗಿದ ಮೇಲೆಯೇ ಗಾಲಿ ಕದಲುವುದಾದರೆ ಎಲ್ಲೋ ಒಂದು ಕಡೆ ಪ್ಲೇ ಇದೆ ಎಂದೇ ಅರ್ಥ.

ಆಮೇಲೆ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗೆ ಕಲ್ಲು ಕೊಡಿ. ಜಾಕಿಯಿಂದ ಮುಂದಿನ ಒಂದು ಬದಿ ಎತ್ತಿ, ಅಡಿಗೆ ಸ್ಟ್ಯಾಂಡು ಇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ದಪ್ಪದ ಮರದ ದಿಮ್ಮಿ ಆದೀತು. ಕೆಂಪುಕಲ್ಲು, ಇಟ್ಟಿಗೆ ಬೇಡ, ಒಡೆಯುತ್ತದೆ. ಬರೇ ಜಾಕಿಯನ್ನು ನಂಬಿ ಕಾರಿನ ಅಡಿಗೆ ತಲೆ ಹಾಕಬೇಡಿ.

ಈಗ ಗಾಲಿಯನ್ನು ಗಡಿಯಾರದ ಮುಖ ಎಂದು ಇಟ್ಟುಕೊಳ್ಳಿ.

ಒಂದು: 9 ಮತ್ತು 3 ಗಂಟೆಯ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಇಲ್ಲಿ ಮಾತ್ರ ಪ್ಲೇ ಇದ್ದರೆ ಟೈ ರಾಡ್ ಎಂಡ್ ಅಥವಾ ರ್‍ಯಾಕ್.

ಎರಡು: 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಇಲ್ಲಿ ಪ್ಲೇ ಇದ್ದರೆ ಬಾಲ್ ಜಾಯಿಂಟ್ ಅಥವಾ ಹಬ್ ಬೇರಿಂಗು.

ಮೂರು: ಇವೆರಡರಲ್ಲಿ ಯಾವುದು? ಒಳಗೆ ಕೂತವರು ಬ್ರೇಕು ಒತ್ತಿ ಹಿಡಿಯಲಿ. ನೀವು ಮತ್ತೆ ಅಲ್ಲಾಡಿಸಿ. ಪ್ಲೇ ಮಾಯವಾದರೆ ಅದು ಬೇರಿಂಗು. ಯಾಕೆಂದರೆ ಬ್ರೇಕು ಹಬ್ಬನ್ನೂ ನಕಲನ್ನೂ ಒಟ್ಟಿಗೆ ಹಿಡಿದಿಡುತ್ತದೆ, ಬೇರಿಂಗಿನ ಸಡಿಲ ಆಗ ಕಾಣುವುದಿಲ್ಲ. ಬ್ರೇಕು ಒತ್ತಿದರೂ ಪ್ಲೇ ಉಳಿದರೆ ಬಾಲ್ ಜಾಯಿಂಟ್.

ನಾಲ್ಕು: ಗೇರು ನ್ಯೂಟ್ರಲಿಗೆ ಹಾಕಿ ಗಾಲಿಯನ್ನು ಕೈಯಿಂದ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸ್ಪ್ರಿಂಗಿನ ಮೇಲಿಡಿ. ಬೇರಿಂಗು ಹಾಳಾಗಿದ್ದರೆ ಒರಳು ತಿರುಗಿಸಿದ ಹಾಗೆ ಗರಗರ ಕೈಗೆ ತಿಳಿಯುತ್ತದೆ.

ಇಷ್ಟನ್ನೇ ನಾನು ಜೂನ್ ತಿಂಗಳಲ್ಲಿ ಮಾಡಿದ್ದರೆ ಶಾಕ್ ಅಬ್ಸಾರ್ಬರಿನ ದುಡ್ಡು ಉಳಿಯುತ್ತಿತ್ತು, ಆಗಸ್ಟಿನ ಆ ಬೆಳಗೂ ಬರುತ್ತಿರಲಿಲ್ಲ.

ಟೈ ರಾಡ್ ಎಂಡ್ ಬದಲಿಸುವುದು

ಈ ಕೆಲಸ ಮನೆಯಲ್ಲೇ ಆಗುತ್ತದೆ. ಗಾಲಿಯ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ ಗಾಲಿ ಕಳಚಿ. ತಂತಿ ಬ್ರಶ್ಶಿನಿಂದ ಕೀಲನ್ನೂ ಥ್ರೆಡ್ಡನ್ನೂ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ. ಹಿಂದಿನ ದಿನ ರಾತ್ರಿಯೇ ಹಾಕಿಟ್ಟರೆ ಇನ್ನೂ ಒಳ್ಳೆಯದು.

ಟೈ ರಾಡಿನ ಮೇಲೆ ಒಂದು ಲಾಕ್ ನಟ್ ಇದೆ. ಅದರ ಜಾಗವನ್ನು ಬಿಳಿ ಬಣ್ಣದಿಂದ ಗುರುತು ಮಾಡಿ, ಅರ್ಧ ಸುತ್ತು ಸಡಿಲಿಸಿ. ಮತ್ತೆ ಕೀಲಿನ ಸ್ಪ್ಲಿಟ್ ಪಿನ್ ತೆಗೆದು ನಟ್ಟು ಬಿಚ್ಚಿ. ಕೀಲಿನ ಕಡ್ಡಿ ಬೆಣೆಯ ಹಾಗೆ ಒಂದು ತುದಿಗೆ ಸಪೂರ. ಅದಕ್ಕೇ ನಟ್ಟು ತೆಗೆದರೂ ತೂತಿನಲ್ಲಿ ಕಚ್ಚಿಕೊಂಡಿರುತ್ತದೆ. ಪುಲ್ಲರ್ ಇದ್ದರೆ ಸುಲಭ. ಇಲ್ಲದಿದ್ದರೆ ನಕಲಿನ ಕಿವಿಯ ಒಂದು ಬದಿಗೆ ಭಾರದ ಸುತ್ತಿಗೆ ಹಿಡಿದು, ಇನ್ನೊಂದು ಬದಿಗೆ ಗಟ್ಟಿಯಾಗಿ ಒಂದೆರಡು ಏಟು ಹಾಕಿ. ‘ಟಪ್’ ಎಂದು ಬಿಡುತ್ತದೆ. ಕಡ್ಡಿಯ ತುದಿಗೆ ಹೊಡೆಯಬೇಡಿ, ಥ್ರೆಡ್ ಜಜ್ಜಿ ಹೋಗುತ್ತದೆ.

ಈಗ ಹಳೆಯದನ್ನು ತಿರುಗಿಸಿ ತೆಗೆಯುವಾಗ ಸುತ್ತು ಎಣಿಸಿ. ಅರ್ಧ ಸುತ್ತನ್ನೂ ಬಿಡದೆ ಕಾಗದದಲ್ಲಿ ಬರೆದಿಡಿ. ಹೊಸದನ್ನು ಅಷ್ಟೇ ಸುತ್ತು ಒಳಗೆ ಹಾಕಿ. ಟೈ ರಾಡಿನ ಉದ್ದವೇ ಗಾಲಿಯ ದಿಕ್ಕನ್ನು ನಿರ್ಧರಿಸುವುದು. ಎರಡು ಸುತ್ತು ಹೆಚ್ಚುಕಮ್ಮಿಯಾದರೆ ಒಂದು ಗಾಲಿ ಪೇಟೆಗೆ, ಇನ್ನೊಂದು ತೋಟಕ್ಕೆ ನೋಡುತ್ತದೆ.

ಕೀಲಿನ ನಟ್ಟನ್ನು ಬಿಗಿದ ಮೇಲೆ ಪಿನ್ನಿನ ತೂತು ಸರಿಯಾಗಿ ಎದುರಿಗೆ ಬಾರದಿದ್ದರೆ ಇನ್ನೂ ಸ್ವಲ್ಪ ಬಿಗಿದು ಹೊಂದಿಸಿ. ತೂತಿಗಾಗಿ ಸಡಿಲಿಸಬೇಡಿ. ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ಎತ್ತಿನ ಗಾಡಿಗೆ ಕಡಾಣಿ ಹೇಗೋ ಇದಕ್ಕೆ ಈ ಪಿನ್ನು ಹಾಗೆ. ಎರಡು ರೂಪಾಯಿಯ ಸಾಮಾನು ಎಂದು ಹಳೆಯದನ್ನೇ ಬಗ್ಗಿಸಿ ಹಾಕುವವರನ್ನು, ಮೊಳೆ ತುರುಕುವವರನ್ನು ಕಂಡಿದ್ದೇನೆ. ಕೊನೆಗೆ ಲಾಕ್ ನಟ್ ಬಿಗಿಯಲು ಮರೆಯಬೇಡಿ.

ಬಾಲ್ ಜಾಯಿಂಟ್

ನನ್ನ ಕಾರಿಗೆ ಬಾಲ್ ಜಾಯಿಂಟನ್ನು ಲೋವರ್ ಆರ್ಮ್ ಸಮೇತ ಹಾಕಿದೆವು. ಹಳೆ ಕೈಯ ಬುಷ್ಷೂ ಒಡೆದಿದ್ದರಿಂದ ಅದೇ ಲಾಭ. ಬಿಚ್ಚುವಾಗ ಆ ಕೈಯ ತುದಿಗೆ ಸೇರಿದ ಅಡ್ಡ ಸರಳಿನ ವಾಷರು, ಬುಷ್ಷುಗಳ ಕ್ರಮವನ್ನು ನೋಡಿಟ್ಟುಕೊಳ್ಳಿ. ನಾನು ಬಿಚ್ಚಿದ ಕ್ರಮದಲ್ಲೇ ಹಳೆ ಚಾಪೆಯ ಮೇಲೆ ಸಾಲಾಗಿ ಜೋಡಿಸಿಟ್ಟೆ.

ಮೆಕ್ಯಾನಿಕ್ ಹೇಳಿಕೊಟ್ಟ ಇನ್ನೊಂದು ಸಂಗತಿ: ಬುಷ್ಷಿನ ಬೋಲ್ಟನ್ನು ಕಾರು ಎತ್ತಿದ ಸ್ಥಿತಿಯಲ್ಲಿ ಪೂರ್ತಿ ಬಿಗಿಯಬಾರದು. ಗಾಲಿ ಹಾಕಿ, ಕಾರು ಇಳಿಸಿ, ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲವಾದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಒಂದು ಬದಿಯದ್ದು ಹೋಗಿದ್ದರೆ ಇನ್ನೊಂದು ಬದಿಯದ್ದನ್ನೂ ಅದೇ ದಿನ ಪರೀಕ್ಷಿಸಿ. ಎರಡೂ ಓಡಿದ್ದು ಒಂದೇ ರಸ್ತೆಯಲ್ಲಿ ತಾನೇ?

ಹಬ್ ಬೇರಿಂಗು: ಕೈ ಹಾಕುವ ಮೊದಲು

ಇದನ್ನು ಮನೆಯಲ್ಲಿ ಮಾಡಬೇಡಿ. ಬೇರಿಂಗು ನಕಲಿನ ತೂತಿಗೆ ಬಿಗಿಯಾಗಿ ಕೂರಬೇಕು, ಅದಕ್ಕೆ ಪ್ರೆಸ್ ಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಒಳಗಿನ ಗುಂಡುಗಳು ತಮ್ಮ ದಾರಿಯಲ್ಲಿ ಗುಳಿ ಮಾಡುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಸ್ವಲ್ಪ ದಿನದಲ್ಲೇ ‘ಗುಂಯ್’ ಶುರು. ಬೇರಿಂಗನ್ನು ನಕಲಿಗೆ ಕೂರಿಸುವಾಗ ಹೊರಗಿನ ಬಳೆಯನ್ನು ಮಾತ್ರ ಒತ್ತಬೇಕು. ಹಬ್ಬನ್ನು ಬೇರಿಂಗಿಗೆ ಸೇರಿಸುವಾಗ ಒಳಗಿನ ಬಳೆಗೆ ಆಧಾರ ಕೊಡಬೇಕು. ಈ ಎರಡು ಮಾತು ನಿಮಗೆ ಗೊತ್ತಿದ್ದರೆ ಮಾಡುವವರ ಕೆಲಸ ಸರಿಯೋ ಎಂದು ನಿಂತು ನೋಡಬಹುದು.

2021ರಲ್ಲಿ ನನ್ನ ಬಲಬದಿಯ ಬೇರಿಂಗು ಹೋಯಿತು. ಬಿಚ್ಚಿದಾಗ ನಕಲಿನ ತೂತೇ ಸವೆದಿತ್ತು. ಹಾಳಾದ ಬೇರಿಂಗಿನಲ್ಲೇ ತುಂಬ ಓಡಿಸಿದ್ದರಿಂದ ಹೊರಗಿನ ಬಳೆ ತೂತಿನೊಳಗೇ ತಿರುಗಿತ್ತು. ಕೆಲಸ ಮಾಡಿದವರು ತೂತಿನ ಒಳಗೆಲ್ಲ ಪಂಚಿನಿಂದ ಚುಕ್ಕಿ ಚುಕ್ಕಿ ಹೊಡೆದು ಲೋಹ ಉಬ್ಬಿಸಿ, ಅದರ ಮೇಲೆ ಹೊಸ ಬೇರಿಂಗು ಕೂರಿಸಿದರು. “ಗಟ್ಟಿ ಕೂತಿದೆ ಅಣ್ಣಾ” ಎಂದರು. ಮೂರೇ ತಿಂಗಳು. ಚುಕ್ಕಿಗಳು ಸವೆದು ಮತ್ತೆ ಸಡಿಲ. ಉಬ್ಬಿದ ಚುಕ್ಕಿಗಳ ಮೇಲೆ ಮಾತ್ರ ಬಳೆ ಕೂತರೆ ಭಾರ ಸಮನಾಗಿ ಹಂಚುವುದಿಲ್ಲ. ತೂತು ಸವೆದರೆ ನಕಲನ್ನೇ ಬದಲಿಸಬೇಕು, ಬೇರೆ ದಾರಿ ಇಲ್ಲ.

ಬೇರಿಂಗಿನ ಜೊತೆ ಎಣ್ಣೆ ಸೀಲುಗಳನ್ನೂ ಹೊಸತು ಹಾಕಿಸಿ. ನಡುವಿನ ದೊಡ್ಡ ನಟ್ಟನ್ನು ಕಂಪೆನಿ ಹೇಳಿದ ಅಳತೆಗೆ ಟಾರ್ಕ್ ಸ್ಪಾನರಿನಿಂದಲೇ ಬಿಗಿಸಬೇಕು. ಬೇರಿಂಗಿನ ಎರಡು ಬದಿ ಸೇರಿಸಿ ಹಿಡಿಯುವುದು ಈ ನಟ್ಟೇ. ಅದು ಸಡಿಲವಿರುವಾಗ ಅಂಗಳದಲ್ಲಿ ಹತ್ತಡಿ ಕಾರು ದೂಡಿದರೂ ಹೊಸ ಬೇರಿಂಗು ಕೆಡಬಹುದು.

ಗುಜರಿ ಸಾಮಾನು: ಯಾವುದು ಆದೀತು?

ಸವೆದ ನಕಲಿಗೆ ಬದಲಿಯನ್ನು ನಾನು ಗುಜರಿಯಿಂದಲೇ ತಂದೆ. ಹಳೆ ಕಾರು ಇಟ್ಟುಕೊಂಡ ನಮಗೆ ಗುಜರಿ ಅಂಗಡಿ ಅನಿವಾರ್ಯ. ಆದರೆ ಅಲ್ಲಿ ಒಂದು ಗೆರೆ ಎಳೆಯಬೇಕು.

ಆದೀತು: ನಕಲ್, ಹಬ್, ಸ್ಟೀರಿಂಗಿನ ಕಂಬ. ಇವು ಗಟ್ಟಿ ಲೋಹದ ತುಂಡುಗಳು. ನಕಲಿನಲ್ಲಿ ಬಿರುಕು ಇದೆಯೋ, ಬೇರಿಂಗಿನ ತೂತು ನುಣುಪಾಗಿದೆಯೋ, ಪಂಚಿನ ಚುಕ್ಕಿ ಇದೆಯೋ ಎಂದು ಬೆರಳಾಡಿಸಿ ನೋಡಿ. ಹಬ್ಬಿನ ಒಳಗಿನ ಹಲ್ಲು, ಬೋಲ್ಟಿನ ಥ್ರೆಡ್ ನೋಡಿ. ಅಪಘಾತದಲ್ಲಿ ಅದೇ ಬದಿಗೆ ಪೆಟ್ಟು ತಿಂದ ಕಾರಿನದ್ದು ಬೇಡವೇ ಬೇಡ. ಕಣ್ಣಿಗೆ ಕಾಣದಷ್ಟು ಬಗ್ಗಿರುತ್ತದೆ.

ನೋಡಿ ತರಬಹುದು: ಪೂರ್ತಿ ರ್‍ಯಾಕ್. ಎರಡು ಬದಿಯ ಬೂಟು ಸರಿಸಿ ಒಳಗೆ ಗ್ರೀಸು ಇದೆಯೋ, ತುಕ್ಕಿನ ನೀರು ಇದೆಯೋ ನೋಡಿ. ಕೊನೆಯಿಂದ ಕೊನೆಗೆ ತಿರುಗಿಸಿದಾಗ ಎಲ್ಲೂ ಕಚ್ಚಬಾರದು, ನಡುವೆ ಸಡಿಲ ಇರಬಾರದು. ರ್‍ಯಾಕಿನ ಹಲ್ಲು ಹೆಚ್ಚು ಸವೆಯುವುದು ನಡುಭಾಗದಲ್ಲೇ, ಯಾಕೆಂದರೆ ಕಾರು ಹೆಚ್ಚಾಗಿ ಓಡುವುದು ನೇರಕ್ಕೆ.

ಬೇಡ: ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಬೇರಿಂಗು, ಸೀಲು, ಸ್ಪ್ಲಿಟ್ ಪಿನ್, ಬ್ರೇಕಿನ ರಬ್ಬರ್ ಪೈಪು. ಸವೆಯುವ ಸಾಮಾನು ಎಷ್ಟು ಸವೆದಿದೆ ಎಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಇಲ್ಲಿ ಉಳಿಸುವ ದುಡ್ಡು ಉಳಿತಾಯವೇ ಅಲ್ಲ.

ಇನ್ನೊಂದು ಎಚ್ಚರ. ‘ಬೇರೆ ಮಾಡೆಲಿನದ್ದು ಹಾಕಿದ್ರೂ ಆಗ್ತದೆ’ ಎಂಬ ಮಾತು ಗುಜರಿಯಲ್ಲಿ ಸಾಮಾನ್ಯ. ಗಾಲಿಯ ನಾಲ್ಕು ತೂತು ಹೊಂದಿದ ಮಾತ್ರಕ್ಕೆ ಒಳಗಿನ ಸಾಮಾನು ಹೊಂದುತ್ತದೆ ಎಂದಿಲ್ಲ. ಟೈ ರಾಡ್ ಎಂಡಿನ ಕಡ್ಡಿಯ ಇಳಿಜಾರು ಕೂದಲೆಳೆಯಷ್ಟು ಬೇರೆ ಇದ್ದರೂ ನಟ್ಟು ಬಿಗಿಯಾದಂತೆ ಕಂಡು ಕಡ್ಡಿ ಒಳಗೆ ಅಲ್ಲಾಡುತ್ತಿರುತ್ತದೆ. ನಕಲಿನ ಕಿವಿಯ ಉದ್ದ ಬೇರೆ ಇದ್ದರೆ ಎರಡು ಗಾಲಿ ಬೇರೆ ಬೇರೆ ಅಳತೆಗೆ ತಿರುಗುತ್ತವೆ. ನಿಮ್ಮ ಹಳೆ ಸಾಮಾನನ್ನು ಜೊತೆಗೆ ಒಯ್ದು, ಪಕ್ಕದಲ್ಲಿಟ್ಟು ಅಳೆದು, ಎಡ ಬಲ ನೋಡಿ, ಸಾಧ್ಯವಾದರೆ ಪಾರ್ಟ್ ನಂಬ್ರ ತಾಳೆ ಹಾಕಿಯೇ ತನ್ನಿ.

ಕೊನೆಯ ಕೆಲಸ ಅಲೈನ್‌ಮೆಂಟ್

ಮೇಲೆ ಹೇಳಿದ ಯಾವ ಸಾಮಾನು ಬದಲಿಸಿದರೂ ಅಲೈನ್‌ಮೆಂಟ್ ಮಾಡಿಸಲೇಬೇಕು. ಸುತ್ತು ಎಣಿಸಿ ಹಾಕಿದ್ದು ಅಂಗಡಿಯವರೆಗೆ ಓಡಿಸಿಕೊಂಡು ಹೋಗಲಿಕ್ಕೆ ಅಷ್ಟೇ. ಕೀಲು ಸಡಿಲವಿದ್ದಾಗ ಅಲೈನ್‌ಮೆಂಟ್ ಮಾಡಿಸುವುದು ಮಾತ್ರ ದಂಡ. ಅಲ್ಲಿಂದ ಹೊರಟ ಮೊದಲ ಹೊಂಡಕ್ಕೇ ಅದು ತಪ್ಪುತ್ತದೆ. ಮೊದಲು ಕೀಲು, ಆಮೇಲೆ ಅಳತೆ.

ಕೆಲಸ ಆದ ಮೇಲೆ ನೂರು ಕಿಲೋಮೀಟರಿನೊಳಗೆ ಗಾಲಿಯ ನಟ್ಟುಗಳನ್ನೂ ಲಾಕ್ ನಟ್ಟುಗಳನ್ನೂ ಒಮ್ಮೆ ಸ್ಪಾನರ್ ಹಾಕಿ ನೋಡಿ.

ಈಗ ನಾನು ಮಾಡುವುದು

ವರ್ಷಕ್ಕೆ ಎರಡು ಸಲ ಈ ಪರೀಕ್ಷೆ ಮಾಡುತ್ತೇನೆ. ಮೇ ಕೊನೆಗೆ, ಮಳೆಗೆ ಮೊದಲು. ಮತ್ತೆ ಅಕ್ಟೋಬರಿನಲ್ಲಿ, ಬೋರ್ಡೋ ಸಿಂಪರಣೆಯ ಗಡಿಬಿಡಿ ಮುಗಿದ ಮೇಲೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಗಾಲಿಯ ಒಳಬದಿಗೆ ನೀರು ಹೊಡೆದು ಕೆಸರು ತೆಗೆದು, ಟಾರ್ಚು ಹಾಕಿ ರಬ್ಬರ್ ಬೂಟುಗಳನ್ನು ನೋಡುತ್ತೇನೆ. ಹರಿದದ್ದು ಕಂಡರೆ ಅದೇ ವಾರ ಗ್ಯಾರೇಜಿಗೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಕಾರು ಅಂಗಳದಲ್ಲೇ ಇರುತ್ತದೆ, ಅಡಿಕೆ ಬಾಡಿಗೆ ಜೀಪಿನಲ್ಲಿ ಹೋಗುತ್ತದೆ.

ಗ್ಯಾರೇಜಿಗೆ ಹೋದಾಗ ‘ಏನೋ ಸದ್ದು ಬರ್ತದೆ ನೋಡಿ’ ಎಂದು ಈಗ ನಾನು ಹೇಳುವುದಿಲ್ಲ. ‘ಎಡಬದಿಯಲ್ಲಿ 12–6ರಲ್ಲಿ ಪ್ಲೇ ಇದೆ, ಬ್ರೇಕು ಒತ್ತಿದರೂ ಹೋಗುವುದಿಲ್ಲ’ ಎನ್ನುತ್ತೇನೆ. ಆಮೇಲೆ ಯಾರೂ ಶಾಕ್ ಅಬ್ಸಾರ್ಬರಿನ ಮಾತು ಎತ್ತಿದ್ದಿಲ್ಲ. ಬಿಚ್ಚಿದ ಹಳೆ ಸಾಮಾನನ್ನು ಕೇಳಿ ತರುತ್ತೇನೆ. ಅಂದು ಕಳಚಿಬಂದ ಬಾಲ್ ಜಾಯಿಂಟ್ ಇನ್ನೂ ನಮ್ಮ ಚಾವಡಿಯ ಕಿಟಿಕಿಯಲ್ಲಿದೆ. ಅಪ್ಪ ಅದನ್ನು ಬಿಸಾಡಲು ಬಿಟ್ಟಿಲ್ಲ.

ಮಣ್ಣಿನ ದಾರಿಯಲ್ಲಿ ಹಳೆ ಕಾರು ಓಡಿಸುವ ಬೇರೆ ಕೃಷಿಕರೂ ತಮ್ಮ ಅನುಭವ ಬರೆದರೆ ಎಲ್ಲರಿಗೂ ಉಪಕಾರ.